ಇಸ್ಮಾಯಿಲಸಾಬನ ಮೈಮೇಲಿನ ಗೆರೆ

ಹುಬ್ಬಳ್ಳಿಯ ದವಾಖಾನೆಯವರು ಇಸ್ಮಾಯಿಲಸಾಬನ ಮೈಮೇಲೆ ಮೂರು ನೇರಳೆ ಗುರುತು ಹಾಕಿ ಕಳಿಸಿದ ದಿನ, ಬೆಟಗೇರಿಯ ಆ ಮನೆಯಲ್ಲಿ ಮೊದಲ ಜಗಳ ರೋಗದ ಬಗ್ಗೆ ಆಗಲಿಲ್ಲ, ಸ್ನಾನದ ಬಗ್ಗೆ ಆಯಿತು.

“ಆರು ವಾರ ಸೊಂಟಕ್ಕ ನೀರು ಸೋಂಕಬಾರ್ದಂತ?” ಎನ್ನುತ್ತ ಹೆಂಡತಿ ಫಕೀರಬಿ ಸೌಟು ಹಿಡಿದುಕೊಂಡೇ ಒಳಗಿನಿಂದ ಬಂದಳು. “ಅಂವ ಎಂಥಾ ಡಾಕ್ಟರರಿ? ಆರು ವಾರ ನೀರು ಕಾಣದ ಗಂಡಸಿನ ಮಗ್ಗಲಕ ಯಾರು ಮಲಗಬೇಕು?”

“ಮಲಗಬ್ಯಾಡ. ಆರು ವಾರ ಪಡಸಾಲ್ಯಾಗ ಕಾಲು ಚಾಚಿ ಆರಾಮ ಮಲಕ್ಕೋ. ಮೂವತ್ತು ವರ್ಷದಾಗ ನಿನಗ ಇಂಥಾ ಸೂಟಿ ಸಿಕ್ಕಿಲ್ಲ,” ಎಂದ ಇಸ್ಮಾಯಿಲಸಾಬ.

“ನಗ್ರಿ, ನಗ್ರಿ.”

ಫಕೀರಬಿ ಸೊರಟೂರಿನವಳು. ಅವಳ ಮನೆಯಲ್ಲಿ ಕೊಡಪಾನಕ್ಕೂ ದಿನಕ್ಕೆ ಎರಡು ಸಲ ಸ್ನಾನ. ಗಂಡನಿಗೆ ಕ್ಯಾನ್ಸರ್ ಎಂದು ತಿಳಿದ ದಿನ ಅವಳು ಅತ್ತಳು, ನಿಜ. ಆದರೆ ಅಳುತ್ತಲೇ ಹಿತ್ತಲು ತೊಳೆದಳು.

ಇದು ೧೯೮೨ರ ದಸರೆ ಮುಗಿದ ಮೇಲಿನ ಮಾತು. ಇಸ್ಮಾಯಿಲಸಾಬನಿಗೆ ಅರವತ್ತೆರಡು. ಉಚ್ಚೆ ಕಟ್ಟಿ ಕಟ್ಟಿ ಬರುತ್ತದೆ, ವಯಸ್ಸಾಯಿತು ಎಂದು ಒಂದು ವರ್ಷ ಸುಮ್ಮನಿದ್ದ. ಸೊಂಟ ಹಿಡಿದು ಪ್ರೆಸ್ಸಿನಲ್ಲಿ ನಿಲ್ಲಲಾಗದಂತಾದಾಗ ಬಾಯಿಬಿಟ್ಟ. ಮೂತ್ರದ ಚೀಲದ ಕೆಳಗೆ ಗಂಡಸರಿಗೆ ಅಡಿಕೆಯಷ್ಟು ಒಂದು ಗ್ರಂಥಿ ಇರುತ್ತದಂತೆ, ಪ್ರಾಸ್ಟೇಟ್ ಎಂದು. ಅದು ಬೆಳೆದು ಕಲ್ಲಿನಷ್ಟು ಗಟ್ಟಿಯಾಗಿತ್ತು. ಹುಬ್ಬಳ್ಳಿಯ ಡಾಕ್ಟರ್ ಶ್ರೀಪಾದರು ಕೋಬಾಲ್ಟ್ ಮಶೀನಿನಿಂದ ಮೂವತ್ತು ಸಲ ಕಿರಣ ಕೊಟ್ಟು ಅದನ್ನು ಸುಡುತ್ತೇವೆ ಎಂದರು. ವಾರಕ್ಕೆ ಐದು ದಿನದಂತೆ ಆರು ವಾರ.

ಆದರೆ ಸುಡುವುದು ಎಲ್ಲಿ? ಮೈಯೊಳಗಿನದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಉಚ್ಚೆಯ ದಾರಿಯಲ್ಲಿ ನಳಿಕೆ ಹಾಕಿ, ಚೀಲಕ್ಕೆ ಔಷಧ ತುಂಬಿ, ಮುಂದಿನಿಂದ ಒಂದು, ಮಗ್ಗುಲಿನಿಂದ ಒಂದು ಫಿಲ್ಮು ತೆಗೆದರು. ಎರಡನ್ನೂ ಹೊಂದಿಸಿ, ಸ್ಕೇಲಿಟ್ಟು, ಗ್ರಂಥಿ ಇಂಥಲ್ಲೇ ಇದೆ ಎಂದು ಕಂಡುಹಿಡಿದು, ಹೊಕ್ಕುಳದ ಕೆಳಗೊಂದು, ಎರಡೂ ಮಗ್ಗುಲಿಗೆ ಒಂದೊಂದು ನೇರಳೆ ಗುರುತು ಹಾಕಿದರು. ಕೂಡಿಸುವ ಲೆಕ್ಕದ ಗುರುತಿನಂಥವು. ದಿನಾ ಮಶೀನಿನ ಬೆಳಕಿನ ಗೆರೆ ಸರಿಯಾಗಿ ಅವುಗಳ ಮೇಲೆ ಬಿದ್ದರೆ ಕಿರಣ ಸರಿಯಾದ ಜಾಗಕ್ಕೆ ಹೋಗುತ್ತದೆ. ಗುರುತು ಅಳಿಸಿದರೆ ಮತ್ತೆ ನಳಿಕೆ, ಮತ್ತೆ ಫಿಲ್ಮು.

ನಳಿಕೆಯ ನೆನಪಾದರೆ ಇಸ್ಮಾಯಿಲಸಾಬನಿಗೆ ಈಗಲೂ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಆದರೆ ಗುರುತು ನೋಡಿ ಮಾತ್ರ ಅವನಿಗೆ ಖುಷಿಯೇ ಆಗಿತ್ತು. ಯಾಕೆಂದರೆ ಅವನ ಕಸುಬೇ ಅದು. ಗದಗಿನ ಸ್ಟೇಷನ್ ರಸ್ತೆಯ ಮಾರ್ತಾಂಡರಾಯರ ಪ್ರೆಸ್ಸಿನಲ್ಲಿ ಮೂವತ್ತೆಂಟು ವರ್ಷ ಅವನು ಬಣ್ಣದ ಕೆಲಸದ ಮಶೀನು ನಡೆಸಿದ್ದ. ಹಳದಿ ಮೊದಲು, ಅದರ ಮೇಲೆ ಕೆಂಪು, ಅದರ ಮೇಲೆ ನೀಲಿ. ಮೂರು ಬ್ಲಾಕಿನ ಮೂಲೆಯಲ್ಲೂ ಇಂಥದೇ ಗುರುತು. ಒಂದರ ಮೇಲೊಂದು ಬಿದ್ದರೆ ಚಿತ್ರ, ಇಲ್ಲದಿದ್ದರೆ ರದ್ದಿ. ಇದಕ್ಕೆ ಪ್ರೆಸ್ಸಿನವರು ರಿಜಿಸ್ಟರ್ ಕೂಡಿಸುವುದು ಎನ್ನುತ್ತಾರೆ. ಇಸ್ಮಾಯಿಲಸಾಬನ ರಿಜಿಸ್ಟರ್ ಎಂದರೆ ಗದಗಿನಲ್ಲಿ ಮರುಮಾತಿರಲಿಲ್ಲ, ಮತ್ತು ಅದು ಎಲ್ಲರಿಗಿಂತ ಹೆಚ್ಚಾಗಿ ಅವನಿಗೇ ಗೊತ್ತಿತ್ತು.

ಎರಡನೆಯ ಜಗಳ ದಿನಾ ಅವನ ಜೊತೆಗೆ ಹುಬ್ಬಳ್ಳಿಗೆ ಹೋಗುವವರು ಯಾರು ಎಂಬುದು. ಅದೇ ಪ್ರೆಸ್ಸಿನಲ್ಲಿ ತಂದೆಯ ಮಶೀನು ಹಿಡಿದಿದ್ದ ಮಗ ರಹಮಾನಸಾಬ ತಲೆ ತಗ್ಗಿಸಿ ಕೂತ.

“ನಾ ಹ್ಯಾಂಗ ಬರ್ಲಿ? ಕ್ಯಾಲೆಂಡರ್ ಹಂಗಾಮ. ಅಬ್ಬಾನೂ ಇಲ್ಲ, ನಾನೂ ಇಲ್ಲಂದ್ರ ರಾಯರು ಮಶೀನಿಗೆ ಬ್ಯಾರೆಯವರನ್ನ ನಿಲ್ಲಸ್ತಾರ.”

“ನನ್ನ ಮೊಣಕಾಲು ರೈಲು ಹತ್ತೂವು ಅಲ್ಲ,” ಎಂದಳು ಫಕೀರಬಿ.

“ನಾ ಹೋಗ್ತೇನಿ ಅತ್ತಿ.”

ಹೇಳಿದವಳು ಸೊಸೆ ದಿಲಶಾದಬಿ. ಲಕ್ಷ್ಮೇಶ್ವರದ ಹುಡುಗಿ, ಏಳನೆಯ ಇಯತ್ತೆ ಕಲಿತವಳು. ಮದುವೆಯಾಗಿ ಮೂರು ವರ್ಷದಲ್ಲಿ ಮಾವನ ಎದುರು ಅವಳ ದನಿ ಯಾರೂ ಹೆಚ್ಚು ಕೇಳಿರಲಿಲ್ಲ.

“ನೀನ? ಮಾವನ ಕೂಡ? ಅದೂ ಅಂಥಾ ಜಾಗಾದ ಬ್ಯಾನಿಗೆ?” ಫಕೀರಬಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಓಣ್ಯಾಗ ತಲಿ ಎತ್ತಿ ತಿರಗಬೇಕೋ ಬ್ಯಾಡೋ ನಾವು?”

“ಓಣಿಯವರು ಬರ್ತಾರೇನು ಕರಕೊಂಡು ಹೋಗಾಕ?” ಎಂದಳು ದಿಲಶಾದ.

ಮಾತು ಖರೆ ಇತ್ತು. ಓಣಿಯವರು ಬರುವುದಿಲ್ಲ ಎಂದು ಫಕೀರಬಿಗೂ ಗೊತ್ತು. ಮುಖ ಊದಿಸಿಕೊಂಡೇ ಅವಳು ಮರುದಿನದ ಬುತ್ತಿ ಕಟ್ಟಿದಳು.

ಅಂದಿನಿಂದ ದಿನಚರಿ ಬದಲಾಯಿತು. ಬೆಳಿಗ್ಗೆ ಏಳರ ಪ್ಯಾಸೆಂಜರಿಗೆ ಮಾವ ಸೊಸೆ ಹೊರಡುವರು. ಹೊಟ್ಟೆಯುಬ್ಬರ ಆಗಬಾರದೆಂದು ಡಾಕ್ಟರು ಕಡಲೆಬೇಳೆ, ಅವರೆ, ಮುಳಗಾಯಿ ಎನ್ನುವ ಬದನೆಕಾಯಿ ಬಿಡಿಸಿದ್ದರು. ಉಳಿದದ್ದು ರೊಟ್ಟಿ, ಹೆಸರುಬೇಳೆ, ಮೊಸರು. “ಮುಳಗಾಯಿ ಪಲ್ಯೆ ಇಲ್ಲದ ರೊಟ್ಟಿ ತಿಂದು ಬದುಕೂದಕ್ಕಿಂತ...” ಎಂದು ಇಸ್ಮಾಯಿಲಸಾಬ ದಿನಾ ಶುರು ಮಾಡುವನು, ಫಕೀರಬಿ ದಿನಾ ಅಲ್ಲಿಗೇ ತಡೆಯುವಳು.

ಫಿಲ್ಮು ತೆಗೆದಾಗ ಮೂತ್ರದ ಚೀಲ ಎಷ್ಟು ತುಂಬಿತ್ತೋ ದಿನಾ ಅಷ್ಟೇ ತುಂಬಿರಬೇಕಿತ್ತು. ಖಾಲಿಯಾದರೆ ಒಳಗಿನದೆಲ್ಲ ಜಾಗ ಬಿಟ್ಟು ಸರಿಯುತ್ತದೆ. ಅದಕ್ಕೆ ಪಾಳಿಗೆ ಅರ್ಧ ತಾಸು ಮೊದಲು ದಿಲಶಾದ ತಂಬಿಗೆಯಿಂದ ಅಳೆದು ಎರಡು ಲೋಟ ನೀರು ಕುಡಿಸುವಳು. ಪಾಳಿ ತಡವಾದರೆ ಇಸ್ಮಾಯಿಲಸಾಬ ವರಾಂಡದಲ್ಲಿ ಗಾಣದ ಎತ್ತಿನ ಹಾಗೆ ಸುತ್ತುವನು. ಒಂದು ದಿನ ಅವನ ಕಣ್ಣಲ್ಲಿ ನೀರು ಬಂದದ್ದು ನೋಡಿ ದಿಲಶಾದ ಸೀದಾ ಮಶೀನಿನ ಕೋಣೆಯ ಬಾಗಿಲು ಬಡಿದಳು.

“ಬಾಯಾರ, ನಮ್ಮ ಮಾವಾರನ್ನ ಮೊದಲ ಕರೀರಿ. ನೀವು ಹೇಳಿದಷ್ಟು ಕುಡದಾರ, ಇನ್ನ ತಡಿಯಾಂಗಿಲ್ಲ.”

ಮಶೀನು ನಡೆಸುತ್ತಿದ್ದ ನರ್ಮದಾಬಾಯಿ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಕನ್ನಡಕದ ಮೇಲಿಂದ ದಿಲಶಾದಳನ್ನು ನೋಡಿ, “ನಾಳಿಂದ ಬಂದ ಕೂಡಲೆ ನನಗ ಹೇಳು, ಪಾಳಿ ಎಷ್ಟೊತ್ತಿಗೆ ಅಂತ ಹೇಳ್ತೀನಿ. ಆಮ್ಯಾಲೆ ನೀರು ಕುಡಸು,” ಎಂದಳು. ಆ ದಿನದಿಂದ ಇಬ್ಬರಿಗೂ ಸ್ನೇಹವಾಯಿತು.

ಇಸ್ಮಾಯಿಲಸಾಬನಿಗೂ ನರ್ಮದಾಬಾಯಿಗೂ ಮಾತ್ರ ದಿನಾ ತಕರಾರು. ಬೆಳಕಿನ ಗೆರೆಯನ್ನು ಅವಳು ಗುರುತಿನ ಮೇಲೆ ತರುವಾಗ ಅವನು ಮೇಜಿನ ಮೇಲೆ ಮಲಗಿದಲ್ಲಿಂದಲೇ ಕುತ್ತಿಗೆ ಎತ್ತುವನು.

“ಇನ್ನಷ್ಟು ಎಡಕ್ಕ ತಗೋ ಮಗಳ.”

“ಅಜ್ಜಾರ, ಸುಮ್ನ ಮಲಕ್ಕೋರಿ. ನೀವು ಎದ್ರ ಬಲಕ್ಕ ಹೋಗ್ತದ.”

ಎರಡು ವಾರ, ಹತ್ತು ಸಲ, ಎಲ್ಲ ಸುಸೂತ್ರ. ಮನೆಗೆ ಬಂದವನ ಸೊಂಟವನ್ನು ಫಕೀರಬಿ ಗುರುತು ತಪ್ಪಿಸಿ ಒದ್ದೆ ಬಟ್ಟೆಯಿಂದ ಒರೆಸುವಳು, ಮೂಗು ಮುರಿಯುವಳು, ಮತ್ತೆ ಒರೆಸುವಳು.

ಮೂರನೆಯ ಭಾನುವಾರ ಮುಳಗುಂದದಲ್ಲಿ ಫಕೀರಬಿಯ ಅಕ್ಕನ ಮೊಮ್ಮಗಳ ಮದುವೆ. ಶನಿವಾರ ದಿಲಶಾದ ಹಿಟ್ಟು ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದಳು. ಫಕೀರಬಿ ಹಂಡೆಗೆ ಬೆಂಕಿ ಹಾಕಿದಳು.

“ಬರೇ ಬೆನ್ನಿಗೆ ಹಾಕ್ತೇನ್ರಿ. ಈ ವಾಸನಿ ತಗೊಂಡು ನಮ್ಮ ಅಕ್ಕನ ಮನಿಗೆ ಬರ್ತೀರೇನು?”

ಇಸ್ಮಾಯಿಲಸಾಬನಿಗೂ ಮೈ ತುರಿಸುತ್ತಿತ್ತು. ಬೆನ್ನಿಗೆ ಒಂದು ತಂಬಿಗೆ ಬಿತ್ತು. ಸುಖವಾಯಿತು. ಎರಡು ಬಿತ್ತು. ಸಾಬೂನು ಬಂತು. ಹದಿನಾರು ದಿನದ ಮೇಲೆ ಬಿಸಿನೀರು ಕಂಡ ಗಂಡಸು, ಅದನ್ನು ಸುರಿಯುತ್ತಿದ್ದ ಕೈಯೋ ಮಡಿಕೆ ತೊಳೆಯದೆ ಅನ್ನಕ್ಕಿಡದ ಕೈ. ಬೆನ್ನಿನ ನೀರು ಬೆನ್ನಲ್ಲೇ ನಿಲ್ಲುತ್ತದೆಯೇ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒರೆಸಿಕೊಂಡು ನೋಡಿದರೆ ಮಗ್ಗುಲಿನ ಎರಡೂ ಗುರುತು ಹೋಗಿ, ಹೊಕ್ಕುಳದ ಕೆಳಗಿನದು ಬರೀ ನೆರಳಾಗಿ ಉಳಿದಿತ್ತು.

ಫಕೀರಬಿ ಎದೆ ಬಡಿದುಕೊಂಡಳು. “ಯಾ ಅಲ್ಲಾ, ಏನು ಮಾಡಿದ್ನಿ ನಾ!”

“ಬಾಯಿ ಮಾಡಬ್ಯಾಡ,” ಎಂದ ಇಸ್ಮಾಯಿಲಸಾಬ. “ಮಸಿ ಹೋತು, ಮನಿಷಾ ಹೋಗಿಲ್ಲ. ಗುರುತು ಹಾಕೂದು ನಮಗ ಕಲಸ್ಬೇಕೇನು? ರಹಮಾನಗ ಹೇಳು, ಕೆಂಪು ನೀಲಿ ಮಸಿ, ಸ್ಟೀಲಿನ ಸ್ಕೇಲು ತರ್ಲಿ.”

ಬೇರೆ ಮನೆಯವರಾಗಿದ್ದರೆ ಹೆದರಿ ಹುಬ್ಬಳ್ಳಿಗೆ ಓಡುತ್ತಿದ್ದರು. ಇವರಿಗೆ ಬಂದ ಕಷ್ಟವೆಂದರೆ ಇವರಿಗೆ ಕೆಲಸ ಬರುತ್ತಿತ್ತು. ರಹಮಾನ ಮಸಿ ತಂದ. ತಂದೆ ಕೆಂಪಿಗೆ ನೀಲಿ ಕಲಸಿ ದವಾಖಾನೆಯ ನೇರಳೆಯನ್ನು ತದ್ರೂಪು ಇಳಿಸಿದ. ಕನ್ನಡಿಯ ಮುಂದೆ ನೆಟ್ಟಗೆ ನಿಂತು, ಉಳಿದ ನೆರಳಿನಿಂದ ಎರಡೂ ಕಡೆ ನೂಲು ಹಿಡಿಸಿ, ಸೊಂಟದ ಎಲುಬು ಮುಟ್ಟಿ ನೋಡಿ, ಎಡಕ್ಕೂ ಬಲಕ್ಕೂ ಕೂದಲೆಳೆಯ ಫರಕಿಲ್ಲದ ಹಾಗೆ ಮಗನ ಕೈಯಿಂದ ಗೆರೆ ಹಾಕಿಸಿದ. ಕೊನೆಗೆ ಮುಂದಿನ ನೆರಳನ್ನೂ ತಿದ್ದಿಸಿದ. ಹಿಟ್ಟಿನ ಡಬ್ಬಿ ಹೊತ್ತು ಬಂದ ದಿಲಶಾದ ಬಾಗಿಲಲ್ಲೇ ನಿಂತು ಮುಖ ತಿರುಗಿಸಿಕೊಂಡಳು.

“ಅಲ್ಲಿ ಮಲಗಿಸಿ ಹಾಕಿದ್ರಲ್ಲ ಮಾಮಾ?” ಎಂದಳು ಗೋಡೆಗೆ.

“ಗೆರಿ ಗೆರೀನ. ನಿಂತ್ರೇನು, ಮಲಗಿದ್ರೇನು?”

“ಡಾಕ್ಟರಿಗೆ ಹೇಳೂಣೇನು?”

ಇಸ್ಮಾಯಿಲಸಾಬ ಮಸಿ ಡಬ್ಬಿಯ ಮುಚ್ಚಳ ಬಿಗಿದ. ಉತ್ತರ ರಹಮಾನ ಕೊಟ್ಟ. “ಹೇಳಿದ್ರ ಮತ್ತ ನಳಿಕಿ ಹಾಕ್ತಾರ. ಅಬ್ಬಾ ಹೋದ ಸಲ ಎರಡು ದಿನ ಉಚ್ಚಿಗೆ ಕುಂತು ಅತ್ತಾರ, ನೀ ನೋಡಿಯೇನು? ಸುಮ್ಮನ ಇರು ದಿಲಶಾದ.”

ಅವಳು ಹಿಟ್ಟಿನ ಡಬ್ಬಿ ಒಳಗೆ ಒಯ್ದಿಟ್ಟಳು. ಭಾನುವಾರ ಮುಳಗುಂದದಲ್ಲಿ ಬಿರಿಯಾನಿ ಉಂಡರು. ಸೋಮವಾರ ನರ್ಮದಾಬಾಯಿ ದೀಪ ಹಚ್ಚಿದಳು, ಬೆಳಕಿನ ಗೆರೆ ಗುರುತಿನ ಮೇಲೆ ಎಳೆ ತಪ್ಪದೆ ಬಿತ್ತು. ಅವಳಿಗೆ ಸಂಶಯ ಬರಲು ಜಾಗವೇ ಇರಲಿಲ್ಲ, ಇಸ್ಮಾಯಿಲಸಾಬನ ಕೆಲಸ ಅಷ್ಟು ಚೊಕ್ಕ. ಹನ್ನೊಂದನೆಯ ಸಲದ ಕಿರಣ ಹೋಯಿತು. ತಿರುಗಿ ಬರುವಾಗ ಅವನು ರೈಲಿನಲ್ಲಿ ಅಣ್ಣಿಗೇರಿಯವರೆಗೆ ಹಾಡಿದ. ದಿಲಶಾದ ಕಿಟಕಿಯಾಚೆ ನೋಡುತ್ತ ಕೂತಳು. ಹೇಳಿದರೆ ಮನೆ ಮುರಿದವಳಾಗುವಳು, ಹೇಳದಿದ್ದರೆ ಮಾವನನ್ನು ಕಳೆದುಕೊಳ್ಳುವಳು. ಅವಳಿಗೆ ಎರಡೂ ಬೇಡವಾಗಿತ್ತು.

ಆ ಸಂಜೆ ರಹಮಾನ ಪ್ರೆಸ್ಸಿನಿಂದ ಕೆಟ್ಟ ಹಾಳೆಗಳ ಕಟ್ಟು ತಂದು ಪಡಸಾಲೆಯಲ್ಲಿ ಒಗೆದ. ಮಾವಿನಹಣ್ಣಿನ ಬುಟ್ಟಿಯ ಕ್ಯಾಲೆಂಡರ್. ಹಳದಿ ಹಣ್ಣು ಒಂದು ಕಡೆ, ಅದರ ಕೆಂಪು ಇನ್ನೊಂದು ಕಡೆ. ಊಟಕ್ಕೆ ಕೂತ ಇಸ್ಮಾಯಿಲಸಾಬ ಒಂದು ಹಾಳೆ ಎತ್ತಿ ನೋಡಿ ಕೆಂಡವಾದ.

“ಏನಲೇ ಇದು? ಹಣ್ಣಿಗೆ ಗಾಳಿ ಬಡದೈತೇನು? ಬ್ಲಾಕು ಸರಿಸಿದೇನು?”

“ಬ್ಲಾಕು ಒಂದು ನೂಲು ಕದಲಿಲ್ಲ ಅಬ್ಬಾ. ನಿನ್ನಿ ಮದವಿಗೆ ಹೋದಾಗ ಮೋಡ ಹಾಕಿ ತಂಪಾತಲ್ಲ, ಹಳದಿ ಹೊಡದು ಬಿಚ್ಚಿಟ್ಟ ಕಾಗದ ಹಿಗ್ಗೇತಿ. ನಾ ಹಾಕಿದ ರಿಜಿಸ್ಟರ್ ಬರೋಬ್ಬರಿ ಐತಿ.”

“ಬರೋಬ್ಬರಿ ಅಂತ! ಕಾಗದ ಸರದ ಮ್ಯಾಲೆ ನಿನ್ನ ರಿಜಿಸ್ಟರ್ ಬರೋಬ್ಬರಿ ಇದ್ರೇನು, ಬಿಟ್ರೇನು? ಮೊದಲ ಕಾಗದ ನೋಡ್ಬೇಕು, ಆಮ್ಯಾಲೆ ಗುರುತು ನೋಡ್ಬೇಕು. ಎಷ್ಟು ಸಲ ಹೇಳೇನಿ?”

ದಿಲಶಾದ ರೊಟ್ಟಿ ಬಡಿಸುತ್ತಿದ್ದಳು. ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೇ ತಿರುಗಿ ಇಟ್ಟಳು.

“ಮಾಮಾ, ನಿಮ್ಮ ಮೈಮ್ಯಾಲಿನ ಗೆರಿ ನಿಂತಾಗ ಹಾಕಿದ್ದು. ಮಶೀನಿನ ಕೆಳಗ ನೀವು ಮಲಗ್ತೀರಿ. ಅಲ್ಲಿ ಕಾಗದ ಸರಿಯಂಗಿಲ್ಲೇನು?”

“ದಿಲಶಾದ!” ಎಂದು ರಹಮಾನ ಕೂಗಿದ. “ಯಾರ ಮುಂದ ಏನು ಮಾತಾಡಾಕತ್ತಿ?”

“ಮಾವನ ಮೈ ಸುದ್ದಿ ಸೊಸಿ ಆಡೂದೇನು? ತೋಬಾ ತೋಬಾ!” ಎಂದಳು ಫಕೀರಬಿ.

“ದಿನಾ ನೀರು ಅಳದು ಕುಡಸಾಕ ನಾ ಬೇಕು, ಮಾತಾಡಾಕ ಬ್ಯಾಡೇನತ್ತಿ?” ದಿಲಶಾದಳ ಕಣ್ಣು ತುಂಬಿದ್ದವು, ದನಿ ಮಾತ್ರ ತಗ್ಗಲಿಲ್ಲ. “ಬೈರಿ, ಹೊಡೀರಿ. ನಾಳೆ ನರ್ಮದಾಬಾಯಾರಿಗೆ ನಾ ಹೇಳ್ತೇನಿ. ನನ್ನ ಮಾವನ್ನ ನಾ ಕಳಕೊಳ್ಳಾಕ ತಯಾರಿಲ್ಲ.”

“ನನಗ ರಿಜಿಸ್ಟರ್ ಕಲಸ್ತಿ?” ಇಸ್ಮಾಯಿಲಸಾಬ ಗಂಗಾಳ ದೂಡಿ ಎದ್ದ. “ಮೂವತ್ತೆಂಟು ವರ್ಷ... ಫಕೀರಬಿ, ಒಳಗ ಬಾ. ಕಂದೀಲು ತಾ. ಈಕಿಗೆ ತೋರಿಸೇ ಬಿಡ್ತೇನಿ.”

ಗಂಡ ಹೆಂಡತಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹೊರಗೆ ಉಳಿದ ಇಬ್ಬರಿಗೂ ಒಳಗಿನ ಮಾತು ಕೇಳುತ್ತಿತ್ತು.

“ನಿಂತೇನಿ. ಸೊಂಟದ ಎಲುಬು ಹಿಡಿ. ಗುರುತು ಎಲ್ಲೈತಿ?”

“ಎಲುಬಿನ ಮ್ಯಾಲೇ ಐತ್ರಿ.”

“ಹಾಂ! ಈಗ ಮಲಗತೇನಿ. ಬಿಡಬ್ಯಾಡ, ಎಲುಬು ಹಿಡದ ಇರು. ಮಲಗಿದ್ನಿ. ಈಗ ಹೇಳು.”

ಫಕೀರಬಿಯ ಬಳೆಗಳ ಸದ್ದಷ್ಟೇ ಕೇಳಿತು.

“ಹೇಳ ಅಂತೀನಿ!”

“ಎಲುಬು ಇಲ್ಲೈತ್ರಿ,” ಎಂದಳು ಅವಳು ಸಣ್ಣ ದನಿಯಲ್ಲಿ. “ಮಸಿ ಕೆಳಗ ಹೋಗೇತಿ. ನನ್ನ ಹೆಬ್ಬಟ್ಟಿನಷ್ಟು.”

ಇಸ್ಮಾಯಿಲಸಾಬ ಮೂರು ಸಲ ಎದ್ದು ನಿಂತು ಮೂರು ಸಲ ಮಲಗಿದ. ಮೂರು ಸಲವೂ ಹೆಬ್ಬೆಟ್ಟಿನಷ್ಟೇ. ದೀಪದ ಬುಡಕ್ಕೇ ಕತ್ತಲು. ಊರಿಗೆಲ್ಲ ಕಾಗದ ನೋಡಿರೋ ಎಂದು ಹೇಳಿದವನು ತನ್ನ ಚರ್ಮ ನೋಡಿಕೊಂಡಿರಲಿಲ್ಲ.

ಹೊರಗೆ ಬಂದಾಗ ಅವನ ಮುಖ ಸಣ್ಣದಾಗಿತ್ತು. ಗಂಗಾಳದ ಮುಂದೆ ಕೂತು, “ರೊಟ್ಟಿ ಹಾಕು,” ಎಂದ ಸೊಸೆಗೆ. ಅರ್ಧ ರೊಟ್ಟಿ ತಿಂದ ಮೇಲೆ, “ನಾಳೆ ಹೇಳೂಣು. ನಳಿಕಿ ಹಾಕ್ಲಿ,” ಎಂದ.

“ನಾನೂ ಬರ್ತೇನಿ,” ಎಂದಳು ಫಕೀರಬಿ. “ತೊಳದಾಕಿ ನಾನು. ಬೈಸ್ಕೊಳ್ಳಾಕಿನೂ ನಾನ.”

“ನಿನ್ನ ಮೊಣಕಾಲು?”

“ಮೊಣಕಾಲು ಸಾಯ್ಲಿ.”

ಮರುದಿನ ಅವಳು ಮೊದಲ ಬಾರಿಗೆ ಹುಬ್ಬಳ್ಳಿ ಕಂಡಳು. ಡಾಕ್ಟರ್ ಶ್ರೀಪಾದರ ಮುಂದೆ ನಿಂತು ಯಾರೂ ಕೇಳುವ ಮೊದಲೇ, “ನಾ ತೊಳದೇನ್ರಿ, ಇವರು ಬರದಾರ್ರಿ, ನನ್ನ ಮಗ ಮಸಿ ತಂದಾನ್ರಿ,” ಎಂದು ಇಡೀ ಮನೆಯನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು.

ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದೇ ಗುರುತಿನ ಮೇಲೆ ಒಂದು ಫಿಲ್ಮು ತೆಗೆಸಿ, ಹಳೆಯದರ ಜೊತೆ ಬೆಳಕಿನ ಪೆಟ್ಟಿಗೆಗೆ ಹಚ್ಚಿ, ಇಸ್ಮಾಯಿಲಸಾಬನನ್ನು ಕರೆದು ತೋರಿಸಿದರು.

“ನೋಡ್ರಿ ಸಾಬರ. ಕಿರಣ ಇಲ್ಲಿ ಬೀಳಬೇಕು. ನಿನ್ನೆ ಇಲ್ಲಿ ಬಿದ್ದದ. ಒಂದು ದಿನದ್ದು ನಡೀತದ, ಅದನ್ನ ನಾ ಸರಿ ಮಾಡ್ಕೋತೀನಿ. ಇನ್ನ ಹತ್ತೊಂಬತ್ತು ದಿನ ಹಿಂಗ ಕೊಟ್ಟಿದ್ರ ಗಂಟು ಹಂಗ ಉಳೀತಿತ್ತು, ಕರುಳು ಸುಡ್ತಿತ್ತು. ಯಾರು ಹೇಳಿದ್ರು ನಿಮಗ ಬಂದು ತಿಳಸ್ರಿ ಅಂತ?”

“ನಮ್ಮ ಸೊಸಿ,” ಎಂದ ಇಸ್ಮಾಯಿಲಸಾಬ.

“ಹಂಗಾದ್ರ ಆಕಿ ನಿಮ್ಮ ಜೀವ ಉಳಿಸ್ಯಾಳ.”

ಪ್ರೆಸ್ಸಿನ ಮಸಿ ಸ್ಪಿರಿಟ್ಟಿಗೆ ಜಗ್ಗಲಿಲ್ಲ. ನರ್ಮದಾಬಾಯಿ ಎಲ್ಲಿಂದಲೋ ಸೀಮೆಎಣ್ಣೆ ತರಿಸಿ ತಿಕ್ಕಿದಳು. “ಎಷ್ಟು ಚೊಕ್ಕ ಬಣ್ಣ ಕಲಸೀರಿ ಅಜ್ಜಾರ! ನನ್ನ ನೌಕರಿ ಕಳೀತಿದ್ರಿ,” ಎಂದು ತಿಕ್ಕುತ್ತಲೇ ಬೈದಳು. ಆಮೇಲೆ ನಳಿಕೆ. ಇಸ್ಮಾಯಿಲಸಾಬ ಕಣ್ಣು ಮುಚ್ಚಿಕೊಂಡು, “ಹಾಕ್ರಿ,” ಎಂದ. ಹೊರಗೆ ಬೆಂಚಿನ ಮೇಲೆ ಅತ್ತೆ ಸೊಸೆ ಕೈ ಕೈ ಹಿಡಿದು ಕೂತಿದ್ದರು. ಒಳಗಿನಿಂದ ಕೂಗು ಬಂದಾಗ ಫಕೀರಬಿ ಸೊಸೆಯ ಕೈಯನ್ನು ಎಷ್ಟು ಜೋರಾಗಿ ಹಿಚುಕಿದಳೆಂದರೆ ಎರಡು ಬಳೆ ಒಡೆದವು.

ಹೊಸ ಫಿಲ್ಮು ಬಂತು. ಡಾಕ್ಟರು ಅದನ್ನು ಮೊದಲನೆಯದರ ಮೇಲಿಟ್ಟು ಹೊಂದಿಸತೊಡಗಿದರು. ಗೋಡೆ ಹಿಡಿದುಕೊಂಡು ನಿಂತಿದ್ದ ಇಸ್ಮಾಯಿಲಸಾಬನ ಕಣ್ಣು ನೋವಿನಲ್ಲೂ ಆ ಕಡೆಗೇ ಹೋಯಿತು. ಅಭ್ಯಾಸ ಬಿಡುತ್ತದೆಯೇ?

“ಸಾಹೇಬ್ರ, ಒಂದು ಮಾತು. ಬಲಗಡಿ ಎಲುಬಿನ ಮ್ಯಾಲೆ ಎಲುಬು ಕುಂತೈತಿ. ಎಡಗಡಿ ಕುಂತಿಲ್ಲ.”

“ಸ್ವಲ್ಪ ಫರಕು ಇರ್ತದ.”

“ಹಾಳಿ ಸರದ್ರ ಎರಡೂ ಕಡಿ ಒಂದೇ ಸಮ ಸರೀತೈತ್ರಿ. ಒಂದ ಕಡಿ ಬಿಟ್ಟೈತಿ ಅಂದ್ರ ಹಾಳಿ ತಿರುಗೇತಿ. ನಾ ಇದರಾಗ ಮುದುಕ ಆಗೇನ್ರಿ.”

ಡಾಕ್ಟರು ಕನ್ನಡಕ ಹಣೆಗೇರಿಸಿ ಫಿಲ್ಮಿಗೆ ಮೂಗು ತಾಗುವಷ್ಟು ಬಗ್ಗಿದರು. ಸ್ಕೇಲಿಟ್ಟರು. ಆಮೇಲೆ ನರ್ಮದಾಬಾಯಿಯ ಕಡೆ ತಿರುಗಿ, “ಸಾಬರು ಹ್ಯಾಂಗ ಮಲಗಿದ್ರು?” ಎಂದರು.

“ನಳಿಕಿ ಬ್ಯಾನಿಗೆ ಎಡಗಡೆ ಸೊಂಟ ಒಂದೀಟು ಎತ್ತಿರಬೇಕ್ರಿ. ಕೆಳಗ ಇಡ್ರಿ ಅಂತ ಹೇಳಿದ್ದೆ.”

“ಮತ್ತೊಂದು ತಗೀರಿ.”

ಈ ಸಲ ಇಸ್ಮಾಯಿಲಸಾಬ ಹಲ್ಲು ಕಚ್ಚಿ ಸೊಂಟವನ್ನು ಮೇಜಿಗೆ ಒತ್ತಿ ಹೆಣದ ಹಾಗೆ ಮಲಗಿದ. ಫಿಲ್ಮು ತೊಳೆದು ಒಣಗಿ ಬರುವವರೆಗೆ ಯಾರೂ ಚಹಾಕ್ಕೂ ಹೋಗಲಿಲ್ಲ. ಡಾಕ್ಟರು ಅದನ್ನು ತಾವು ಹಚ್ಚಲಿಲ್ಲ, ಎರಡನ್ನೂ ಅವನ ಕೈಗೆ ಕೊಟ್ಟರು.

“ನೀವ ಕೂಡಸ್ರಿ.”

ಮಸಿ ಹಿಡಿದು ಕಪ್ಪಾದ ಉಗುರಿನ ಬೆರಳುಗಳು ಎರಡು ಫಿಲ್ಮುಗಳನ್ನು ಅಂಚಿನಲ್ಲಿ ಹಿಡಿದವು. ಮೆಲ್ಲಗೆ ಸರಿಸಿದವು. ಬಲಗಡೆಯ ಎಲುಬು ಎಲುಬಿನೊಳಗೆ ಇಳಿಯಿತು. ಎಡಗಡೆಯದೂ ಇಳಿಯಿತು. ನಡುವೆ ತಿಳಿ ಬಿಳುಪಾಗಿ ಕಾಣುತ್ತಿದ್ದ ಚೀಲದ ಅಂಚು ಒಂದೇ ಅಂಚಾಯಿತು. ಎರಡು ಫಿಲ್ಮು ಇವೆ ಎಂದು ಹೇಳದಿದ್ದರೆ ಗೊತ್ತಾಗುವ ಹಾಗಿರಲಿಲ್ಲ.

ಇಸ್ಮಾಯಿಲಸಾಬ ಉಸಿರು ಬಿಟ್ಟ. “ಈಗ ಛಾಪಾ ಹೊಡೀರಿ ಸಾಹೇಬ್ರ.”

ಡಾಕ್ಟರು ನಕ್ಕದ್ದು ಹೊರಗಿನ ಬೆಂಚಿಗೂ ಕೇಳಿಸಿತು. ಆ ಮನೆಗೆ ಹದಿನೈದು ದಿನದಿಂದ ಬೇಕಾಗಿದ್ದ ಸದ್ದು ಅದೇ. ಫಕೀರಬಿ ಅಲ್ಲೇ ಕೂತು ಜೋರಾಗಿ ಅತ್ತಳು.

ಹೊಸ ನೇರಳೆ ಗುರುತು ಬಿದ್ದು, ಗುರುವಾರದಿಂದ ಕಿರಣ ಮತ್ತೆ ಶುರುವಾಯಿತು. ಈಗ ಗುರುತಿನ ಕಾವಲು ಫಕೀರಬಿಯದು. ಅವಳು ಕಾವಲಿಗೆ ನಿಂತರೆ ಗೊತ್ತಲ್ಲ! ಗಂಡ ಬೆವರಿದರೆ ಬೀಸಣಿಗೆ, ಬಗ್ಗಿದರೆ ಬೈಗುಳ. ಓಣಿಯ ಹೆಂಗಸರು ಬಾಗಿಲಿಗೆ ಬಂದು, “ಸೊಸೀನ ಮಾವನ ಕೂಡ ಕಳಸ್ತಿ ಅಂತಲ್ಲ?” ಎಂದಾಗ ಫಕೀರಬಿ ಸೆರಗು ಸಿಕ್ಕಿಸಿ ನಿಂತಳು. “ಹೌದು, ಕಳಸ್ತೇನಿ. ಡಾಕ್ಟರ ಆಕಿ ಮಾತು ಕೇಳ್ತಾನ. ನಿಮ್ಮ ಸೊಸ್ತ್ಯಾರ ಮಾತು ನಾಯಿ ಕೇಳ್ತೈತೇನು?” ಮತ್ತೆ ಯಾರೂ ಕೇಳಲು ಬರಲಿಲ್ಲ.

ನಾಲ್ಕನೆಯ ವಾರ ಇಸ್ಮಾಯಿಲಸಾಬನಿಗೆ ಭೇದಿಯಾಯಿತು, ಉಚ್ಚೆ ಉರಿಯಿತು, ಅನ್ನ ಸೇರದಾಯಿತು. ಡಾಕ್ಟರು ಇದು ಆಗುವಂಥದೇ ಎಂದರು. ದಿಲಶಾದ ಗಂಜಿ ಕಾಯಿಸಿ ಮಜ್ಜಿಗೆ ಬೆರೆಸಿ ರೈಲಿನಲ್ಲಿ ಚಮಚದಿಂದ ಕುಡಿಸಿದಳು. ಎದುರಿಗೆ ಕೂತ ಯಾರೋ, “ಮಗಳೇನ್ರಿ?” ಎಂದು ಕೇಳಿದರೆ, “ಹೌದು,” ಎಂದ ಅವನು. ಡಿಸೆಂಬರಿನಲ್ಲಿ ಮೂವತ್ತನೆಯ ಸಲ ಮುಗಿಯಿತು. ನರ್ಮದಾಬಾಯಿ ಎರಡೂ ಕೈ ಮುಗಿದು, “ಅಜ್ಜಾರ, ಇನ್ನ ನಿಮ್ಮ ರಿಜಿಸ್ಟರ್ ನಿಮ್ಮ ಮನಿಯಾಗ ಇರ್ಲಿ,” ಎಂದಳು. ಗುಣವಾಯಿತೋ ಇಲ್ಲವೋ ಮೂರು ತಿಂಗಳ ಮೇಲೆ ನೋಡಿ ಹೇಳುತ್ತೇವೆ ಎಂದರು ಡಾಕ್ಟರು.

ಮೂರು ತಿಂಗಳು ಆ ಮನೆಯವರು ಅದೊಂದು ಮಾತು ಬಿಟ್ಟು ಉಳಿದೆಲ್ಲ ಆಡಿದರು.

ಮಾರ್ಚಿನಲ್ಲಿ ಮಾವ ಸೊಸೆ ಮತ್ತೆ ಹೋದರು. ಡಾಕ್ಟರು ಕೈಯಿಂದ ಪರೀಕ್ಷೆ ಮಾಡಿ, ಫಿಲ್ಮು ನೋಡಿ, ರಕ್ತದ ಚೀಟಿ ನೋಡಿ, ಮತ್ತೊಮ್ಮೆ ಪರೀಕ್ಷೆ ಮಾಡಿದರು. ದಿಲಶಾದಳನ್ನು ಒಳಗೆ ಕರೆಸಿದರು.

“ನೀನೂ ಕೇಳವಾ. ಕಲ್ಲಿನಂಗ ಇದ್ದ ಗಂಟು ಕರಗ್ಯದ. ಮಾವಾರು ಆರಾಮ ಇದ್ದಾರ. ವರ್ಷಕ್ಕ ಎರಡು ಸಲ ಬಂದು ತೋರಸ್ರಿ, ಸಾಕು.”

ದಿಲಶಾದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಸ್ಮಾಯಿಲಸಾಬ ಡಾಕ್ಟರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಅವನು ಬದುಕಿದ್ದ, ಅದಕ್ಕಿಂತ ದೊಡ್ಡ ಮಾತು ಆ ಹೊತ್ತಿಗೆ ಯಾವುದಿತ್ತು?

ಗದಗ ಸ್ಟೇಷನ್ನಿನಲ್ಲಿ ಇಳಿದಾಗ ನಾಲ್ಕು ಗಂಟೆ. ದಿಲಶಾದ ಬೆಟಗೇರಿಯ ಟಾಂಗಾದ ಕಡೆ ಹೊರಟಳು.

“ಆ ಕಡಿ ಅಲ್ಲ. ನನ್ನ ಕೂಡ ಬಾ,” ಎಂದ ಅವನು.

ಮಾರ್ತಾಂಡರಾಯರ ಪ್ರೆಸ್ಸಿನೊಳಗೆ ಅಂದಿನವರೆಗೆ ಹೆಂಗಸರು ಕಾಲಿಟ್ಟಿರಲಿಲ್ಲ. ಮಶೀನು ಭರ್ರೆಂದು ತಿರುಗುತ್ತಿತ್ತು. ಊದಿನಕಡ್ಡಿಯ ಡಬ್ಬಿಯ ಮೇಲೆ ಹಚ್ಚುವ ಗುಲಾಬಿ ಹೂವಿನ ಚೀಟಿ ಅಚ್ಚಾಗುತ್ತಿತ್ತು. “ಅಬ್ಬಾ!” ಎಂದು ಕೂಗಿ ರಹಮಾನ ಓಡಿ ಬಂದ. ತಂದೆಯ ಮುಖ ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು. ಮಸಿ ಕೈಯಿಂದಲೇ ಅಪ್ಪನನ್ನು ತಬ್ಬಿಕೊಂಡು ಅತ್ತ. ರಾಯರು ಗಲ್ಲೆಯಿಂದ ಎದ್ದು ಬಂದು ಪೇಡೆ ತರಿಸಲು ಆಳನ್ನು ಓಡಿಸಿದರು. ಎಲ್ಲರ ಕಣ್ಣೂ ಒದ್ದೆ, ಎಲ್ಲರ ಬಾಯಲ್ಲೂ ನಗೆ. ದಿಲಶಾದ ಮಾತ್ರ ಬಾಗಿಲ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

ಇಸ್ಮಾಯಿಲಸಾಬ ಮಶೀನಿನಿಂದ ಬೀಳುತ್ತಿದ್ದ ಹಾಳೆಗಳಲ್ಲಿ ಒಂದನ್ನು ಎಳೆದು, ತಾನು ನೋಡದೆ, ಅವಳ ಕೈಗೆ ಕೊಟ್ಟ.

“ನೋಡಿ ಹೇಳು.”

“ನನಗೇನು ತಿಳೀತೈತಿ ಮಾಮಾ?”

“ತಿಳೀತೈತಿ. ಹೇಳು.”

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಸಲ ಗಂಡನ ಮುಖ ನೋಡಿದಳು, ಒಂದು ಸಲ ಮಾವನ ಮುಖ.

“ಹಳದಿ ಬರೋಬ್ಬರಿ ಐತಿ. ಹೂವಿನ ಕೆಂಪು ಹೊರಗ ಬಂದೈತಿ.”

“ಒಂದೀಟು ಐತಿ ಅಷ್ಟ!” ಎಂದ ರಹಮಾನ. “ಇಷ್ಟಕ್ಕ ಮಶೀನು ನಿಲ್ಲಿಸಬೇಕೇನು? ಐದು ಸಾವಿರ ಹೊಡ್ಯಾಕೇತಿ ಇನ್ನ.”

“ಆಕಿ ಹೇಳಿದ್ಲಲ್ಲ?” ಎಂದ ಇಸ್ಮಾಯಿಲಸಾಬ.

ರಹಮಾನ ಹೆಂಡತಿಯನ್ನು ನೋಡಿದ. ಅವಳು ಹಾಳೆ ಕೆಳಗಿಳಿಸಲಿಲ್ಲ. ಅವನು ಹೋಗಿ ಮಶೀನು ನಿಲ್ಲಿಸಿದ.